ತಲೆದಿಂಬಿನ ಪಕ್ಕದಲ್ಲೊಂದು ಚೂರಿ

ಜಪಾನಿನ ನಾಗಸಾಕಿ ಪ್ರಾಂತ್ಯದಲ್ಲಿ 2015ರಲ್ಲಿ ಒಂದು ಹೋಟೆಲು ಶುರುವಾಯಿತು. ಹೆಸರು ‘ಹೆನ್ ನಾ’, ಅಂದರೆ ‘ವಿಚಿತ್ರ’. ಹೆಸರಿಡುವಾಗಲಂತೂ ಮಾಲೀಕರು ಸುಳ್ಳು ಹೇಳಲಿಲ್ಲ. ಅಲ್ಲಿ ಚಾಕರಿಗೆ ರೋಬೊಗಳು. ಸ್ವಾಗತದ ಕಟ್ಟೆಯಲ್ಲಿ ಡೈನೋಸಾರ್. ಬಳಲಿ ಬಂದವನ ಎದುರು ಮೊದಲು ಡೈನೋಸಾರನ್ನು ನಿಲ್ಲಿಸಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಅದು ನಡು ಬಗ್ಗಿಸಿ ನಮಸ್ಕರಿಸುತ್ತಿತ್ತು, ನಿಜ. ಪಾಸ್‌ಪೋರ್ಟಿನ ನಕಲು ತೆಗೆಯಲು ಮಾತ್ರ ಒಳಗಿನಿಂದ ಮನುಷ್ಯ ಬರಬೇಕಿತ್ತು.

ಸಾಮಾನು ಹೊರಲು ಎರಡು ರೋಬೊಗಳಿದ್ದವು. ನೂರಕ್ಕೂ ಹೆಚ್ಚು ಕೋಣೆಗಳಲ್ಲಿ ಅವು ಮುಟ್ಟುತ್ತಿದ್ದುದು ಸುಮಾರು ಎರಡು ಡಜನ್ನನ್ನು. ನೆಲ ಸಮತಟ್ಟಾಗಿರಬೇಕು, ಮೈ ನೆನೆಯಬಾರದು. ಎದುರುಬದುರಾದರಂತೂ ಮಾತು ಬಿಟ್ಟ ಬೀಗರು ಓಣಿಯಲ್ಲಿ ಸಿಕ್ಕಂತೆ, ಇಬ್ಬರೂ ದಾರಿ ಬಿಡದೆ ನಿಂತುಬಿಡುತ್ತಿದ್ದರು.

ಇವೆಲ್ಲ ಹಗಲಿನ ಕಷ್ಟ. ರಾತ್ರಿಯ ಪಾಲಿಗೆ ಹಾಸಿಗೆಯ ಪಕ್ಕದಲ್ಲೊಂದು ಪುಟ್ಟ ರೋಬೊ ಬೊಂಬೆಯಿತ್ತು, ಅತಿಥಿಯ ಮಾತು ಕೇಳಿ ಉತ್ತರಿಸಲು. ಹೆಸರು ಚೂರಿ. ಇಡುವ ಮುನ್ನ ಒಬ್ಬ ಕನ್ನಡಿಗನನ್ನು ಕೇಳಿದ್ದರೆ ಸಾಕಿತ್ತು. ಅತಿಥಿಯೊಬ್ಬ ಗೊರಕೆ ಹೊಡೆದ. ಅದನ್ನು ಅಪ್ಪಣೆಯೆಂದು ತಿಳಿದ ಚೂರಿ ಆತನನ್ನು ಎಬ್ಬಿಸಿ, ಕ್ಷಮಿಸಿ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ ಎಂದು ವಿನಯದಿಂದ ವಿಚಾರಿಸಿತು. ಆತ ಮಗ್ಗುಲು ಬದಲಿಸಿ ಇನ್ನೊಮ್ಮೆ ಹೇಳಿಯೇ ಹೇಳಿದ. ಕೆಲವು ಗಂಟೆಗೊಮ್ಮೆ ಇದೇ ಸಂವಾದ ನಡೆಯಿತು. ಅಂದ ಮೇಲೆ ಇರುಳಿಡೀ ಆ ಬೊಂಬೆಯ ಕಿವಿ ತೆರೆದೇ ಇತ್ತು. ಮಲಗಿದವನ ಒಪ್ಪಿಗೆ ಯಾರು ಕೇಳಿದರು? ನಮ್ಮ ರಾತ್ರಿ ಬಸ್ಸಿನ ಸಹಪ್ರಯಾಣಿಕ ಗೊರಕೆ ಕೇಳಿದರೂ ಕೇಳದವನಂತೆ ಮುಖ ತಿರುಗಿಸುತ್ತಾನೆ. ಆ ಸೌಜನ್ಯವನ್ನು ಯಾವ ಎಂಜಿನಿಯರೂ ಅದಕ್ಕೆ ತುಂಬಿರಲಿಲ್ಲ.

ಗೊರಕೆಗೆ ಇಷ್ಟು ಮರ್ಯಾದೆ ಕೊಟ್ಟ ಚೂರಿಗೆ, ಪಕ್ಕದ ಮನರಂಜನಾ ಉದ್ಯಾನ ಎಷ್ಟು ಗಂಟೆಗೆ ತೆರೆಯುತ್ತದೆ ಎಂದರೆ ಉತ್ತರ ಹೊಳೆಯುತ್ತಿರಲಿಲ್ಲ. ಚೂರಿ ಇದೆಯಲ್ಲ ಎಂದು ಕೋಣೆಯಲ್ಲಿ ಫೋನ್ ಇಟ್ಟಿರಲಿಲ್ಲ. ಮನುಷ್ಯನ ದನಿ ಬೇಕಾದವನು ತನ್ನದೇ ಮೊಬೈಲಿನಿಂದ, ತಾನು ಮಲಗಿದ್ದ ಹೋಟೆಲಿಗೇ ಕರೆ ಮಾಡಬೇಕು. ಬಳಕೆದಾರಸ್ನೇಹಿ ಎಂದರೆ ಇದೇ ಇರಬೇಕು.

ಆಳುಗಳ ಕೆಲಸ ಕಡಿಮೆ ಮಾಡಲು ತಂದ 243 ರೋಬೊಗಳ ಚಾಕರಿಗೆ ಆಳುಗಳೇ ಹೊತ್ತು ಮೀರಿ ದುಡಿದರು. ಕೊನೆಗೆ ಅರ್ಧಕ್ಕೂ ಹೆಚ್ಚು ರೋಬೊಗಳನ್ನು ಮನೆಗೆ ಕಳಿಸಿದ ಸುದ್ದಿ 2019ರಲ್ಲಿ ಬಂತು. ಪಟ್ಟಿಯಲ್ಲಿ ಚೂರಿಯೂ ಇತ್ತು. ಅದನ್ನು ಕೋಣೆಯಿಂದ ಹೊತ್ತು ತಂದವನು ಮನುಷ್ಯನೇ ಇರಬೇಕು. ಸಾಮಾನು ಹೊರುವ ರೋಬೊ ಅಲ್ಲಿಯವರೆಗೆ ಹೋಗುತ್ತಿರಲಿಲ್ಲವಲ್ಲ.