ಹನ್ನೆರಡು ಗಂಟೆ ನಿಂತವರಿಗೆ ಮೂರು ದಿನ ರಜೆ

ವಾರಕ್ಕೆ ನಾಲ್ಕೇ ದಿನ ಕೆಲಸ, ಮೂರು ದಿನ ರಜೆ ಎಂದು ನಮ್ಮ ಬಟ್ಟೆ ಅಂಗಡಿಯ ಮ್ಯಾನೇಜರ್ ನಿನ್ನೆ ಮತ್ತೊಮ್ಮೆ ಹೊಗಳಿದ್ದನ್ನು ಕೇಳಿದ ಮೇಲೆ ಸುಮ್ಮನಿರಲು ಸಾಧ್ಯವಾಗುತ್ತಿಲ್ಲ. ದಿನಕ್ಕೆ 12 ಗಂಟೆಯಂತೆ ನಾಲ್ಕು ದಿನ ದುಡಿದರೆ ಅದೇ 48 ಗಂಟೆಯಾಗುತ್ತದೆ, ಕಡಿಮೆಯಾದದ್ದಾದರೂ ಏನು? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆಯ ಮಿತಿ ಹಾಕಿದ್ದು ಮನುಷ್ಯರ ಕಾಲು, ಸೊಂಟಗಳಿಗೂ ಮಿತಿಯಿದೆ ಎಂದೇ ಅಲ್ಲವೇ?

ಗಿರಾಕಿಗಳು ಬಿಡಿಸಿ ಹಾಕಿದ ಅಂಗಿಗಳನ್ನು ದಿನವಿಡೀ ಮಡಿಸಿ, ಟ್ರಯಲ್ ರೂಮಿನಲ್ಲಿ ಬಿಟ್ಟುಹೋದ ರಾಶಿಯನ್ನು ಮತ್ತೆ ಸೈಜಿನ ಪ್ರಕಾರ ಜೋಡಿಸಿ, ರಾತ್ರಿ ದೀಪ ಆರಿಸುವ ಹೊತ್ತಿಗೆ ಬಂದು "ಇದೇ ಡಿಸೈನ್‌ನಲ್ಲಿ ಬೇರೆ ಬಣ್ಣ ತೋರಿಸಿ" ಎನ್ನುವವರಿಗೂ ನಗುತ್ತಲೇ ತೋರಿಸಬೇಕು. ಆಮೇಲಿನ ಸ್ಟಾಕ್ ಎಣಿಕೆ, ಬಾಗಿಲಲ್ಲಿ ನಡೆಯುವ ಬ್ಯಾಗ್ ತಪಾಸಣೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರು ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು; ನಮ್ಮಲ್ಲಿ ಗಿರಾಕಿ ಇಲ್ಲದಾಗಲೂ ಕೂರಲು ಒಂದು ಸ್ಟೂಲ್ ಇಲ್ಲ.

ಮೊದಲ ರಜೆ ಊದಿದ ಪಾದಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂರುವುದರಲ್ಲೇ ಮುಗಿಯುತ್ತದೆ. ಶನಿವಾರ, ಭಾನುವಾರ ವ್ಯಾಪಾರದ ದಿನಗಳಾದ್ದರಿಂದ ಉಳಿದ ರಜೆಗಳೂ ಆ ಕಡೆ ಸುಳಿಯುವುದಿಲ್ಲ. ಮಕ್ಕಳು ಶಾಲೆಗೆ, ಗಂಡ ಕೆಲಸಕ್ಕೆ ಹೋದ ಮಂಗಳವಾರದಂದು ಸಿಗುವ ಈ ಬಿಡುವನ್ನು ನನಗೆ ಮಾಡಿದ ಉಪಕಾರವೆಂದು ನಾನೇಕೆ ಒಪ್ಪಬೇಕು?