ಬರಿಮೈ ಗಂಡಸರಿಗೆ, ಬತ್ತಲೆ ಹೆಂಗಸರಿಗೆ

ನಮ್ಮ ರಾಯಚೂರಿನ ಮೇ ತಿಂಗಳ ಬಿಸಿಲು ಕೇಳಬೇಡಿ. 40 ಡಿಗ್ರಿ ದಾಟಿತೆಂದರೆ ಓಣಿಯ ಗಂಡಸರು ಅಂಗಿ ಕಳಚಿ, ಹೆಗಲಿಗೆ ಟವೆಲ್ ಹಾಕಿಕೊಂಡು ಕಟ್ಟೆಗೆ ಬಂದು ಕೂಡುತ್ತಾರೆ. ಅದಕ್ಕೆ ಯಾರೂ ಬತ್ತಲೆ ಅನ್ನುವುದಿಲ್ಲ. ಒಳಗೆ ಒಲೆ ಮುಂದೆ ರೊಟ್ಟಿ ಬಡಿಯುವವಳ ಸೆರಗು ಒಂಚೂರು ಜಾರಲಿ, "ಮೈಮ್ಯಾಲೆ ಖಬರಿಲ್ಲೇನು?" ಅಂತ ಗದರುತ್ತಾರೆ. ಗದರುವವರು ಹೆಚ್ಚಾಗಿ ಹೆಂಗಸರೇ, ಅದು ಬೇರೆ ಮಾತು.

ಈ ತಾರತಮ್ಯ ಇವತ್ತಿನದಲ್ಲ. ನಮ್ಮ ಪಕ್ಕದ ಕೊಪ್ಪಳ ಹಿಂದೆ ಕೊಪಣ ಅನ್ನುವ ದೊಡ್ಡ ಜೈನ ತೀರ್ಥ. ದಿಗಂಬರ ಮುನಿ ಬಂದರೆ ಇವತ್ತಿಗೂ ಜನ ಕಾಲಿಗೆ ಬೀಳುತ್ತಾರೆ. ಬೀಳಲಿ, ಎಲ್ಲವನ್ನೂ ಬಿಟ್ಟವರಿಗೆ ಆ ಗೌರವ ಸಲ್ಲಬೇಕು. ಆದರೆ ಅದೇ ಪಂಥದಲ್ಲಿ ಸನ್ಯಾಸ ತೊಟ್ಟ ಆರ್ಯಿಕೆಯರು ಬಿಳಿ ಸೀರೆ ಉಡಲೇಬೇಕು. ಬಟ್ಟೆ ಪೂರಾ ಬಿಡದೆ ಮೋಕ್ಷವಿಲ್ಲ, ಹೆಣ್ಣು ಬಟ್ಟೆ ಬಿಡುವಂತಿಲ್ಲ, ಹಾಗಾಗಿ ಹೆಣ್ಣು ಜನ್ಮದಲ್ಲಿ ಮೋಕ್ಷವೇ ಇಲ್ಲ ಅನ್ನುವುದು ದಿಗಂಬರರ ವಾದ. ಜೈನರ ಇನ್ನೊಂದು ಪಂಥದ ಶ್ವೇತಾಂಬರರು ಇದನ್ನು ಒಪ್ಪುವುದಿಲ್ಲ. 19ನೇ ತೀರ್ಥಂಕರ ಮಲ್ಲಿ ಹೆಣ್ಣೇ ಅನ್ನುತ್ತಾರೆ ಅವರು. ನನಗೆ ಅವರ ಮಾತೇ ಸರಿ ಕಾಣುತ್ತದೆ.

ಇನ್ನು ಅಕ್ಕಮಹಾದೇವಿ. ಉಟ್ಟ ಬಟ್ಟೆ ಬಿಟ್ಟು ಕಲ್ಯಾಣಕ್ಕೆ ಬಂದವಳನ್ನು ಅಲ್ಲಮ ಕೇಳುತ್ತಾನೆ: ಬಟ್ಟೆ ಬಿಟ್ಟ ಮೇಲೆ ಕೂದಲು ಮರೆ ಮಾಡಿದ್ದು ಯಾಕೆ? ನನ್ನ ನಾಚಿಕೆಗಲ್ಲ, ನೋಡಿದರೆ ನಿಮಗೇ ನೋವಾದೀತು ಅಂತ ಮುಚ್ಚಿಕೊಂಡೆ ಅನ್ನುವ ಅರ್ಥದ ಉತ್ತರ ಅವಳದು. ಎಂಥ ಏಟು ನೋಡಿ! ತೊಂದರೆ ಮೈಯಲ್ಲಿಲ್ಲ, ಕಣ್ಣಲ್ಲಿದೆ ಅಂತ ಅಷ್ಟು ದೊಡ್ಡ ಸಭೆಯಲ್ಲಿ ಹೇಳಿಬಿಟ್ಟಳು. ನಾವು ಮಾತ್ರ ಅವಳ ಫೋಟೋಗೆ ಹೂ ಹಾಕಿ, ಮಗಳಿಗೆ ದುಪಟ್ಟಾ ಸರಿ ಮಾಡ್ಕೋ ಅನ್ನುತ್ತೇವೆ.

ಹೆಣ್ಣು ತಾನಾಗಿ ಬಟ್ಟೆ ಬಿಟ್ಟರೆ ಊರಿಗೆ ಸಿಟ್ಟು. ಊರವರೇ ಬಿಚ್ಚಿದರೆ ಅದು ಶಿಕ್ಷೆಯಂತೆ! 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ವಂಟಮೂರಿಯಲ್ಲಿ ಆದದ್ದು ಇದೇ. ಮಗ ಪ್ರೀತಿಸಿದ ಹುಡುಗಿ ಜೊತೆ ಹೋದ. ಅದಕ್ಕೆ ಅವನ ತಾಯಿಯ ಬಟ್ಟೆ ಬಿಚ್ಚಿ ಕಂಬಕ್ಕೆ ಕಟ್ಟಿದರು. ಹೈಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಹೆಣ್ಣಿನ ಬಟ್ಟೆ ಬಿಚ್ಚಲು ಬಲ ಬಳಸಿದರೆ 3ರಿಂದ 7 ವರ್ಷ ಜೈಲು ಅಂತ 2013ರಲ್ಲೇ ಕಾನೂನಿಗೆ ಸೇರಿಸಲಾಗಿತ್ತು. ಹೊಸ ನ್ಯಾಯ ಸಂಹಿತೆಯ 76ನೇ ಕಲಮಿನಲ್ಲೂ ಅದೇ ಇದೆ.

ಆ ಸುದ್ದಿ ಟಿವಿಯಲ್ಲಿ ಬರುವಾಗ ನಮ್ಮ ಪೈಕಿ ಹಿರಿಯರೊಬ್ಬರು, "ಮಗನಿಗೆ ಮೊದಲೇ ಬುದ್ಧಿ ಹೇಳಬೇಕಿತ್ತವ್ವ ಆಕೀ" ಅಂದರು. ಅವರ ಮನೆಗೆ ನಾನು ಈಗ ಹೋಗುವುದಿಲ್ಲ.