ಪರ-ವಿರೋಧ: ಕಾಗದ ಇಲ್ಲದ ಸೈನಿಕನಿಗೆ ಯುದ್ಧದ ಪದಕ ಕೊಡಬೇಕೇ?

ಅಮೆರಿಕದ ಸೇನೆಯಿಂದ ಬಿಡುಗಡೆಯಾಗುವವರ ಕೈಗೆ ಒಂದು ಹಾಳೆ ಕೊಡುತ್ತಾರೆ. ಡಿಡಿ 214 ಅಂತ ಅದರ ಹೆಸರು. ಎಷ್ಟು ದಿನ ಸೇವೆ ಮಾಡಿದ, ಯಾವ ಕೆಲಸ, ಯಾವ ಪದಕ, ಎಲ್ಲ ಅದರಲ್ಲೇ ಇರುತ್ತದೆ. ಅದರಲ್ಲಿ ತಪ್ಪಿದ್ದರೆ ಡಿಡಿ 149 ಎಂಬ ಅರ್ಜಿ ತುಂಬಿ ಸೇನಾ ದಾಖಲೆ ತಿದ್ದುಪಡಿ ಮಂಡಳಿಗೆ ಕಳಿಸಬೇಕು. ವರ್ಷವರ್ಷವೂ ವಯಸ್ಸಾದ ಸೈನಿಕರು ಇಂಥ ಅರ್ಜಿ ಹಾಕುತ್ತಾರೆ. ‘ನಾನು ಕಾದಾಡಿದ್ದೆ, ಗಾಯಗೊಂಡಿದ್ದೆ, ಆದರೆ ನನ್ನ ಹಾಳೆಯಲ್ಲಿ ಅದು ಇಲ್ಲ’ ಎನ್ನುತ್ತಾರೆ. ಎಷ್ಟೋ ಸಲ ಅವರ ಕೈಲಿರುವುದು ಜೊತೆಗಿದ್ದ ಒಬ್ಬಿಬ್ಬರ ಅಫಿಡವಿಟ್ ಮಾತ್ರ. ಅಷ್ಟು ಸಾಕೇ?

ಪರ: ಕಾಗದ ಕಳೆದವರು ಯಾರು?

1973ರ ಜುಲೈ 12. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿತ್ತು. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಪಕ್ಕದಲ್ಲಿ ಒಂದು ಸರ್ಕಾರಿ ಕಟ್ಟಡದ ಆರನೇ ಮಹಡಿಗೆ ಬೆಂಕಿ ಬಿತ್ತು. ದೇಶದ ಸೈನಿಕರ ಸೇವಾ ಕಡತಗಳನ್ನು ಇಟ್ಟಿದ್ದ ಕೇಂದ್ರ ಅದು. ಕಡತಗಳಿದ್ದ ಜಾಗದಲ್ಲಿ ನೀರು ಚಿಮ್ಮಿಸುವ ವ್ಯವಸ್ಥೆಯೇ ಇರಲಿಲ್ಲ. ಬೆಂಕಿ ಪೂರ್ತಿ ಆರುವ ಹೊತ್ತಿಗೆ ನಾಲ್ಕು ದಿನ ದಾಟಿತ್ತು. 1.6 ಕೋಟಿಯಿಂದ 1.8 ಕೋಟಿ ಕಡತಗಳು ಹೋದವು. 1912ರ ನವೆಂಬರ್‌ನಿಂದ 1960ರ ಜನವರಿವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ. 80 ಬೂದಿಯಾದವು. ನಕಲು ಇರಲಿಲ್ಲ. ಹಾಳೆಗಳ ಚಿತ್ರವನ್ನು ಚಿಕ್ಕದಾಗಿ ಇಳಿಸಿಡುವ ಮೈಕ್ರೋಫಿಲ್ಮೂ ಇರಲಿಲ್ಲ. ನೀರಲ್ಲಿ ತೊಯ್ದು ಉಳಿದ ಕಟ್ಟುಗಳನ್ನು ಹಾಲಿನ ಪ್ಲಾಸ್ಟಿಕ್ ಕ್ರೇಟುಗಳಿಗೆ ತುಂಬಿ, ವಿಮಾನ ಕಟ್ಟುವ ಕಂಪನಿಯೊಂದರ ದೊಡ್ಡ ಕೋಣೆಯಲ್ಲಿ ಗಾಳಿ ಹೊರಗೆಳೆದು ಒಣಗಿಸಿದರು. ಅಂಚು ಕರಕಲಾದ ಆ ಹಾಳೆಗಳನ್ನು ಈಗಲೂ ಕೈಗವಸು ಹಾಕಿಕೊಂಡೇ ಬಿಡಿಸಬೇಕು.

ಈಗ 1951ರಲ್ಲಿ ಕೊರಿಯಾದ ಗುಡ್ಡಗಳಲ್ಲಿ ಇದ್ದವರೊಬ್ಬರು ಅರ್ಜಿ ಹಾಕಿದರು ಅಂದುಕೊಳ್ಳಿ. ಮಂಡಳಿ ಹಿಡಿದು ನಡೆಯುವ ನಿಯಮ ಹೀಗಿದೆ: ಕಚೇರಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ ಅಂತ ಮೊದಲು ಭಾವಿಸಬೇಕು, ತಪ್ಪಾಗಿದೆ ಅಂತ ತೋರಿಸುವ ಹೊಣೆ ಅರ್ಜಿದಾರನದು. ಕಡತ ಸುಟ್ಟದ್ದು ಸರ್ಕಾರದ ಕಟ್ಟಡದಲ್ಲಿ. ಅದನ್ನು ಹುಡುಕಿ ತರಬೇಕಾದವರು ತೊಂಬತ್ತು ದಾಟಿದ ಮುದುಕರು. ಇದು ಯಾವ ನ್ಯಾಯ?

ನಮಗೆ ಇದರ ನೋವು ಗೊತ್ತು, ಅಲ್ವಾ? ಪಹಣಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಿಬಿದ್ದರೆ ಅದನ್ನು ಸರಿಮಾಡಿಸಲು ಎಷ್ಟು ಸಲ ತಾಲೂಕು ಕಚೇರಿ ಮೆಟ್ಟಿಲು ಹತ್ತಬೇಕು ಅಂತ ಹಳ್ಳಿಯವರನ್ನು ಕೇಳಿ. ತಪ್ಪು ಬರೆದವರು ಯಾರೋ, ಅಲೆಯುವವರು ಇನ್ಯಾರೋ.

ಕಡತ ಸುಡದೇ ಇದ್ದರೂ ಅದರಲ್ಲಿ ಎಲ್ಲ ಇರುತ್ತಿತ್ತು ಅಂತ ನಂಬುವುದು ಕಷ್ಟ. ಬಿಡುಗಡೆಯ ದಿನ ಟೈಪ್ ಮಾಡುವವನು ಒಬ್ಬ ಗುಮಾಸ್ತ. ವಿಯೆಟ್ನಾಂನಿಂದ ಬಂದ ಹುಡುಗರು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನೆಲೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಕೆಲವೇ ದಿನಗಳ ಹಿಂದೆ ಕಾಡಿನಲ್ಲಿದ್ದವರು. ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿ, ಹೊಸ ಸಮವಸ್ತ್ರ ತೊಟ್ಟು, ಮನೆಗೆ ಹೋಗಬೇಕು. ಪದಕದ ಕಾಲಂ ಸರಿಯಿದೆಯಾ ಅಂತ ಅವತ್ತು ಯಾರು ನೋಡುತ್ತಾರೆ? ಇಪ್ಪತ್ತು ವರ್ಷದ ಹುಡುಗನಿಗೆ ಅಮ್ಮನ ಮುಖ ನೋಡಿದರೆ ಸಾಕಾಗಿರುತ್ತದೆ.

ಕಾಗದ ತಾನಾಗಿ ಕಳೆಯುವುದೂ ಇಲ್ಲ. ಪ್ಯಾರಿಸ್ ಡೇವಿಸ್ ಅವರ ಕತೆ ನೋಡಿ. 1965ರ ಜೂನ್ 17 ಮತ್ತು 18, ವಿಯೆಟ್ನಾಂನ ಬಾಂಗ್ ಸಾನ್. ವಿಶೇಷ ಪಡೆಯ ಈ ಕಪ್ಪು ಕ್ಯಾಪ್ಟನ್‌ಗೆ ಗ್ರೆನೇಡ್ ಸಿಡಿದು ಟ್ರಿಗರ್ ಎಳೆಯುವ ಬೆರಳಿನ ತುದಿ ಹೋಯಿತು. ಅವರು ಕಿರುಬೆರಳಿನಿಂದ ಟ್ರಿಗರ್ ಎಳೆದರು. ತಮ್ಮ ಹುಡುಗರೆಲ್ಲ ಹೊರಬರುವವರೆಗೆ ತಾವು ಜಾಗ ಬಿಡಲಿಲ್ಲ. ಅವರಿಗೆ ಅತ್ಯುನ್ನತವಾದ ಮೆಡಲ್ ಆಫ್ ಆನರ್ ಕೊಡಬೇಕೆಂದು ಶಿಫಾರಸು ಹೋಯಿತು. ಆ ಕಡತ ಕಾಣೆಯಾಯಿತು. ಮತ್ತೆ ಕಳಿಸಿದರು. ಅದೂ ಕಾಣೆಯಾಯಿತು. ಜೊತೆಗಾರರು ಬಿಡದೆ ಹಿಂದೆ ಬಿದ್ದರು. ಪದಕ ಕೈಗೆ ಬಂದದ್ದು 2023ರ ಮಾರ್ಚ್ 3ರಂದು. ಹತ್ತಿರ ಹತ್ತಿರ 58 ವರ್ಷ.

ಗಾರ್ಲಿನ್ ಕಾನರ್ ಅವರದು ಇನ್ನೂ ನೋವಿನ ಕತೆ. ಕೆಂಟಕಿಯ ರೈತ. 1945ರ ಜನವರಿ 24, ಫ್ರಾನ್ಸಿನ ಹೂಸೆನ್ ಹತ್ತಿರ. ಸೊಂಟದ ಗಾಯ ಇನ್ನೂ ಮಾಗಿರಲಿಲ್ಲ. ಟೆಲಿಫೋನ್ ತಂತಿಯ ಸುರುಳಿ ಬಿಚ್ಚುತ್ತಾ ಗುಂಡುಗಳ ನಡುವೆ ಮುಂದಕ್ಕೆ ಓಡಿದರು. ಮೈ ಪೂರ್ತಿ ಮರೆಯಾಗದಷ್ಟು ಆಳವಿಲ್ಲದ ಹಳ್ಳದಲ್ಲಿ ಮಲಗಿದರು. ಮೂರು ಗಂಟೆ ಅಲ್ಲಿಂದಲೇ ಫಿರಂಗಿಗಳಿಗೆ ಗುರಿ ಹೇಳಿದರು. ಜರ್ಮನ್ನರು ಕೈಗೆಟುಕುವಷ್ಟು ಹತ್ತಿರ ಬಂದಾಗ ತಾವು ಮಲಗಿದ್ದ ಜಾಗದ ಮೇಲೇ ಗುಂಡು ಹಾರಿಸಿ ಅಂದರು. ಊರಿಗೆ ಬಂದ ಮೇಲೆ ಆ ಯುದ್ಧದ ಮಾತನ್ನೇ ಆಡುತ್ತಿರಲಿಲ್ಲ. ಅವರಿಗೆ ಸಿಕ್ಕಿದ್ದ ಪದಕವನ್ನು ಮೆಡಲ್ ಆಫ್ ಆನರ್‌ಗೆ ಏರಿಸಿ ಅಂತ 1990ರ ದಶಕದಲ್ಲಿ ಅರ್ಜಿ ಹೋಯಿತು. ಮಂಡಳಿ ಇಲ್ಲ ಅಂದಿತು. ಅವರು 1998ರಲ್ಲಿ ತೀರಿಕೊಂಡರು. ಹೆಂಡತಿ ಪಾಲಿನ್ ಬಿಡಲಿಲ್ಲ. ಮತ್ತೆ ಮತ್ತೆ ಅರ್ಜಿ. 2014ರಲ್ಲಿ ಕೋರ್ಟು ‘ಕಾಲಮಿತಿ ಮೀರಿದೆ’ ಅಂದಿತು. 2018ರ ಜೂನ್ 26ರಂದು ಶ್ವೇತಭವನದಲ್ಲಿ ಪದಕ ತೆಗೆದುಕೊಂಡದ್ದು ಆ ಅಜ್ಜಿ.

ಇವು ದೊಡ್ಡ ಹೆಸರುಗಳು. ಸಾಮಾನ್ಯ ಸಿಪಾಯಿಗೆ ಹೀಗೆ ಹಿಂದೆ ಬೀಳುವವರು ಯಾರಿದ್ದಾರೆ?

ಇಂಥ ಮಂಡಳಿಗಳಿಗೆ ದಾರಿಮಾಡಿದ್ದು 1946ರ ಕಾನೂನು. ಅದಕ್ಕೆ ಮುಂಚೆ ಒಬ್ಬೊಬ್ಬ ಸೈನಿಕನ ದಾಖಲೆ ತಿದ್ದಲೂ ಸಂಸತ್ತಿನಲ್ಲಿ ಒಂದೊಂದು ಮಸೂದೆ ತರಬೇಕಿತ್ತು. ಮಂಡಳಿಗೆ ಅಧಿಕಾರ ಕೊಡುವ ಕಾನೂನಿನಲ್ಲಿ ಎರಡು ಮಾತಿವೆ: ತಪ್ಪನ್ನು ತಿದ್ದುವುದು, ಅನ್ಯಾಯವನ್ನು ತೆಗೆಯುವುದು. ತಪ್ಪು ಎಂಬ ಒಂದೇ ಮಾತು ಸಾಕು ಅಂದುಕೊಂಡಿದ್ದರೆ ಎರಡನೆಯದನ್ನು ಸುಮ್ನೆ ಬರೆಯುತ್ತಿರಲಿಲ್ಲ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ನಿಯಮವಿದೆ, ನಿಜ. ನ್ಯಾಯಕ್ಕಾಗಿ ಆ ಗಡುವನ್ನು ಬದಿಗಿಡಬಹುದು ಅಂತಲೂ ಅದೇ ಕಾನೂನು ಹೇಳುತ್ತದೆ. ಹಳೆಯದನ್ನು ತಿದ್ದಿದರೆ ಆಕಾಶ ಬೀಳುವುದಿಲ್ಲ. ಅಂತರ್ಯುದ್ಧದ ಕಾಲದ ವೈದ್ಯೆ ಮೇರಿ ವಾಕರ್ ಅವರ ಮೆಡಲ್ ಆಫ್ ಆನರನ್ನು 1917ರಲ್ಲಿ ರದ್ದು ಮಾಡಿದ್ದರು. ಆಕೆ ವಾಪಸು ಕೊಡದೆ ಸಾಯುವತನಕ ಎದೆಗೆ ಚುಚ್ಚಿಕೊಂಡೇ ಓಡಾಡಿದರು. ಇದೇ ಮಂಡಳಿಯ ಶಿಫಾರಸಿನ ಮೇಲೆ 1977ರಲ್ಲಿ ಅದನ್ನು ಹಿಂದಿರುಗಿಸಿದರು. ಆಗ ಆಕೆ ತೀರಿಕೊಂಡು 58 ವರ್ಷ ಕಳೆದಿತ್ತು.

ಇನ್ನೊಂದು ಮಾತು. ಕಾದಾಡಿದ ಸೈನಿಕ ‘ಈ ಗಾಯ ಯುದ್ಧದಲ್ಲೇ ಆದದ್ದು’ ಅಂದರೆ, ಅವತ್ತಿನ ಪರಿಸ್ಥಿತಿಗೆ ಹೊಂದುವುದಾದರೆ, ಕಾಗದ ಇಲ್ಲದಿದ್ದರೂ ಅಂಗವೈಕಲ್ಯದ ಪರಿಹಾರಕ್ಕೆ ಅವನ ಮಾತನ್ನು ಒಪ್ಪಬೇಕು ಅಂತ ಅಮೆರಿಕದ ಕಾನೂನೇ ಹೇಳುತ್ತದೆ. ದುಡ್ಡು ಕೊಡುವಾಗ ನಂಬುವ ಮಾತನ್ನು, ಕಾದಾಡಿದವರ ಎದೆಗೆ ಚುಚ್ಚುವ ಮೂರಿಂಚಿನ ಒಂದು ಬ್ಯಾಡ್ಜ್ ಕೊಡುವಾಗ ಯಾಕೆ ನಂಬಬಾರದು?

ಸೈನಿಕ ಸತ್ತ ಮೇಲೆ ಸರ್ಕಾರ ಸಮಾಧಿಗೆ ಕಲ್ಲು ಕೊಡುತ್ತದೆ. ಗಾಯಗೊಂಡವನಾದರೆ, ಆ ಗಾಯಕ್ಕೆ ಕೊಡುವ ಪದಕದ ಹೆಸರನ್ನು, ‘ಪರ್ಪಲ್ ಹಾರ್ಟ್’ ಅಂತ, ಅದರ ಮೇಲೆ ಕೆತ್ತಿಸಬಹುದು. ಆದರೆ ದಾಖಲೆಯಲ್ಲಿ ಇರಬೇಕು. ಕಾಲಿನೊಳಗೆ ಲೋಹದ ಚೂರು ಇಟ್ಟುಕೊಂಡೇ ಮಣ್ಣಿಗೆ ಹೋದವನ ಕಲ್ಲಿನ ಮೇಲೆ ಆ ಎರಡು ಪದ ಇರುವುದಿಲ್ಲ. ಅವನ ಮಕ್ಕಳು ಪ್ರತಿ ಮೇ ತಿಂಗಳಲ್ಲಿ ಹೂವಿಡಲು ಬಂದಾಗ ಆ ಖಾಲಿ ಜಾಗವನ್ನು ನೋಡುತ್ತಾರೆ.

ವಿರೋಧ: ಪಟ್ಟಿ ಸಡಿಲವಾದರೆ ಪದಕ ಯಾರದು?

ಅರ್ಜಿ ಹಾಕುವ ಮುದುಕರು ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಜನ ತಮಗೆ ನೆನಪಿರುವುದನ್ನೇ ಹೇಳುತ್ತಾರೆ. ನನ್ನ ಚಿಂತೆ ಬೇರೆ.

1917ರಲ್ಲಿ ಮೇರಿ ವಾಕರ್ ಅವರ ಪದಕ ಕಿತ್ತುಕೊಂಡರಲ್ಲ, ಅವತ್ತು ಒಟ್ಟು 911 ಜನರ ಪದಕ ರದ್ದಾಗಿತ್ತು. ಅವರಲ್ಲಿ 864 ಜನ ಒಂದೇ ತುಕಡಿಯವರು, 27ನೇ ಮೇಯ್ನ್ ರೆಜಿಮೆಂಟಿನವರು. ನಡೆದದ್ದು ಇಷ್ಟು. 1863ರಲ್ಲಿ ಗೆಟಿಸ್‌ಬರ್ಗ್ ಯುದ್ಧದ ಹೊತ್ತಿಗೆ ಅವರ ಸೇವೆ ಮುಗಿದಿತ್ತು. ರಾಜಧಾನಿ ಕಾಯಲು ಇನ್ನು ಕೆಲವು ದಿನ ಉಳಿದರೆ ಪದಕ ಕೊಡುತ್ತೇವೆ ಅಂದರು. ಸುಮಾರು 300 ಜನ ಉಳಿದರು, ಮಿಕ್ಕವರು ಊರಿಗೆ ಹೋದರು. ಉಳಿದವರು ಯಾರು ಅಂತ ಸರಿಯಾದ ಪಟ್ಟಿಯನ್ನೇ ಯಾರೂ ಇಡಲಿಲ್ಲ. ಕೊನೆಗೆ ರೆಜಿಮೆಂಟಿನ ಎಲ್ಲರ ಹೆಸರಿಗೂ ಪದಕ ತಯಾರಾಯಿತು. ಐವತ್ತು ವರ್ಷ ಆದ ಮೇಲೆ ಅದನ್ನೆಲ್ಲ ಅಳಿಸಬೇಕಾಯಿತು. ಆ ಸಫಾಯಿಯಲ್ಲಿ ವಾಕರ್ ಅವರಂಥವರೂ ಹೋದರು. ಪಟ್ಟಿ ಸಡಿಲ ಬಿಟ್ಟದ್ದಕ್ಕೆ ದಂಡ ತೆತ್ತವರು ಅರ್ಹರೇ.

ಪರ ವಾದದಲ್ಲಿ ಪಹಣಿಯ ಮಾತು ಬಂತು. ಒಳ್ಳೆಯ ಮಾತು. ಹೆಸರಿನ ಅಕ್ಷರ ತಿದ್ದಿಸಲು ಅಲೆದಾಡಿಸುವುದು ತಪ್ಪು, ಒಪ್ಪುತ್ತೇನೆ. ಆದರೆ ಊರಿನ ನಾಲ್ಕು ಹಿರಿಯರು ಬಂದು ‘ಈ ಹೊಲ ಇವರದ್ದೇ, ನಮಗೆ ನೆನಪಿದೆ’ ಅಂದರೆ ಸಾಕು, ಖಾತೆ ಬದಲಾಗುತ್ತದೆ ಅನ್ನುವಂತಾದರೆ? ಆಮೇಲೆ ಯಾರ ಹೊಲ ಯಾರ ಕೈಲಿ ಉಳಿಯುತ್ತದೆ?

ಕೇಳಿಬರುವ ಅರ್ಜಿಗಳಲ್ಲಿ ಒಂದು ಬಗೆ ಕಾಲಾಳು ಯೋಧರ ಬ್ಯಾಡ್ಜಿನದು. ನೀಲಿ ಪಟ್ಟಿಯ ಮೇಲೆ ಹಳೇ ಕಾಲದ ಬಂದೂಕು, ಸುತ್ತ ಬೆಳ್ಳಿಯ ಎಲೆಗಳ ಹಾರ. 1943ರಲ್ಲಿ ಇದನ್ನು ಮಾಡಿದ್ದು ಕಾಲಾಳುಗಳಿಗಾಗಿಯೇ. ಅತಿ ಜಾಸ್ತಿ ಸಾಯುವವರು ಅವರು, ಜನ ಅತಿ ಕಡಿಮೆ ನೆನೆಯುವುದೂ ಅವರನ್ನೇ ಎಂಬ ಕಾರಣಕ್ಕೆ. ಮರುವರ್ಷ ಅದನ್ನು ಧರಿಸಿದವರಿಗೆ ತಿಂಗಳಿಗೆ ಹತ್ತು ಡಾಲರ್ ಹೆಚ್ಚು ಸಂಬಳವನ್ನೂ ಕೊಟ್ಟರು. ಷರತ್ತು ಸ್ಪಷ್ಟ: ಕಾಲಾಳು ಅಥವಾ ವಿಶೇಷ ಪಡೆಯ ಸೈನಿಕನಾಗಿರಬೇಕು, ಅಂಥ ತುಕಡಿಯಲ್ಲಿರಬೇಕು, ತುಕಡಿ ಕಾದುವಾಗ ತಾನೂ ಗುಂಡಿನ ಕೆಳಗೆ ಇರಬೇಕು. ಫಿರಂಗಿ ಪಡೆಯವರು, ಲಾರಿ ಓಡಿಸಿದವರು, ಅಡುಗೆಯವರು ಇದನ್ನು ಕೇಳುತ್ತಾರೆ. ಅವರ ಮೇಲೂ ಗುಂಡು ಹಾರಿತ್ತು, ಅನುಮಾನವೇ ಇಲ್ಲ. ಅಂಥವರಿಗಾಗಿ 2005ರಲ್ಲಿ ಬೇರೆ ಬ್ಯಾಡ್ಜ್ ಬಂತು. ಆದರೆ ಅದು 2001ರ ಸೆಪ್ಟೆಂಬರ್ 18ರ ನಂತರದ ಕಾದಾಟಗಳಿಗೆ ಮಾತ್ರ. ವಿಯೆಟ್ನಾಂನ ಲಾರಿ ಚಾಲಕನಿಗೆ ಅದೂ ಇಲ್ಲ. ಇದು ನನಗೂ ಅನ್ಯಾಯ ಅನಿಸುತ್ತದೆ. ಹಾಗಿದ್ದರೆ ನಿಯಮವನ್ನೇ ಬದಲಿಸಿ, ಅಂಥ ಎಲ್ಲ ಚಾಲಕರಿಗೂ ಒಟ್ಟಿಗೆ ಕೊಡಿ. ಅರ್ಜಿ ಹಾಕಿದ ಒಬ್ಬನನ್ನು ಕಾಗದದ ಮೇಲೆ ಕಾಲಾಳು ಮಾಡುವುದು ದಾಖಲೆ ತಿದ್ದಿದಂತೆ ಆಗುವುದಿಲ್ಲ. ಇಲ್ಲದ ದಾಖಲೆ ಹುಟ್ಟಿಸಿದಂತೆ ಆಗುತ್ತದೆ.

ಒಂದು ಬ್ಯಾಡ್ಜ್ ಅಲ್ಲಿಗೇ ನಿಲ್ಲುವುದೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಈ ಬ್ಯಾಡ್ಜ್ ಪಡೆದವರು ಅದರ ಆಧಾರದ ಮೇಲೆಯೇ ಬ್ರಾಂಜ್ ಸ್ಟಾರ್ ಪದಕ ಕೇಳಬಹುದು. ಪರ್ಪಲ್ ಹಾರ್ಟ್ ಇದ್ದವರಿಗೆ ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯದಲ್ಲಿ ಆದ್ಯತೆಯಿದೆ. ಅಂಗವೈಕಲ್ಯದ ಪರಿಹಾರ ಕೊಡುವಾಗ ಸೈನಿಕನ ಮಾತನ್ನು ನಂಬುತ್ತಾರಲ್ಲ ಅಂತ ಕೇಳಿದಿರಿ. ನಂಬುತ್ತಾರೆ, ಆದರೆ ಅವನು ಕಾದಾಡಿದವನು ಅಂತ ಮೊದಲು ಗೊತ್ತಾಗಿರಬೇಕು. ಅದನ್ನು ಎಷ್ಟೋ ಸಲ ತೋರಿಸಿಕೊಡುವುದೇ ಈ ಬ್ಯಾಡ್ಜು. ಬಾಗಿಲಿಗೇ ಬೀಗ ಹಾಕದೆ ಒಳಗಿನ ಪೆಟ್ಟಿಗೆ ಭದ್ರ ಅನ್ನಲಾಗದು.

ಇನ್ನು ನೆನಪಿನ ವಿಷಯ. ರೆಜಿಮೆಂಟಿನ ಹಳಬರು ವರ್ಷಕ್ಕೊಮ್ಮೆ ಸೇರುತ್ತಾರೆ. ಆ ರಾತ್ರಿಯ ಕತೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಅಜ್ಜಿ ಹತ್ತು ಸಲ ಹೇಳಿದ ಪ್ರವಾಹದ ಕತೆ, ಆಗ ಹುಟ್ಟಿರದ ಮೊಮ್ಮಗನಿಗೂ ಕಣ್ಣಾರೆ ಕಂಡಂತೆ ಇರುತ್ತದೆ. ನಲವತ್ತು ವರ್ಷ ಹೀಗೆ ಹೇಳಿಕೊಂಡ ಮೇಲೆ ಬರೆದುಕೊಟ್ಟ ಅಫಿಡವಿಟ್‌ನಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು ಅಂತ ಬರೆದವರಿಗೂ ಬಿಡಿಸಿ ಹೇಳಲು ಆಗುವುದಿಲ್ಲ.

ಅಫಿಡವಿಟ್ ಬರೆದುಕೊಡಲು ಗೆಳೆಯರು ಬದುಕಿರಬೇಕು ಕೂಡ. ಇಡೀ ತುಕಡಿಯಲ್ಲಿ ಒಬ್ಬನೇ ಉಳಿದಿದ್ದರೆ? ಅವನೇ ಎಲ್ಲರಿಗಿಂತ ಕಷ್ಟ ಕಂಡವನು, ಅವನಿಗೇ ಸಾಕ್ಷಿಯಿಲ್ಲ. ಮಾತನ್ನೇ ಪುರಾವೆ ಮಾಡಿದರೆ ಗೆಳೆಯರು, ವಕೀಲರು, ಸಂಸದರ ಪರಿಚಯ ಇದ್ದವರಿಗೆ ಪದಕ ಬರುತ್ತದೆ. ಕಾನರ್ ಮತ್ತು ಡೇವಿಸ್ ಅವರನ್ನು ಹೆಸರಿಸಿದಿರಿ. ಅವರಿಬ್ಬರ ಸಾಹಸಕ್ಕೂ ಅವತ್ತೇ ಬೇರೆ ಪದಕ ಸಿಕ್ಕಿತ್ತು. ಅಂದರೆ ಆ ದಿನ, ಆ ಜಾಗ, ಆ ಕೆಲಸ ಮೊದಲೇ ದಾಖಲೆಯಲ್ಲಿತ್ತು. ಅವರದ್ದನ್ನು ಹಿಡಿದು ಏನೂ ಬರೆದಿಡದ ಅರ್ಜಿಗಳನ್ನು ತೂಗಲಾಗದು.

ಬೆಂಕಿಯ ಹೊಣೆ ಸರ್ಕಾರದ್ದೇ. ಆ ಹೊಣೆ ತೀರಿಸುವ ದಾರಿ ಹುಡುಕುವುದು, ಕಣ್ಣುಮುಚ್ಚಿ ಹೂಂ ಅನ್ನುವುದಲ್ಲ. ಸೈನಿಕನ ಸ್ವಂತ ಕಡತ ಸುಟ್ಟರೂ ಅವನ ಹೆಸರು ಬೇರೆ ಕಡೆ ಉಳಿದಿರಬಹುದು. ಎರಡನೇ ಮಹಾಯುದ್ಧ ಮತ್ತು ಕೊರಿಯಾ ಕಾಲದ ಸೇನಾ ಆಸ್ಪತ್ರೆ ದಾಖಲಾತಿಗಳ ಪಟ್ಟಿ 1988ರಲ್ಲಿ ಸಿಕ್ಕಿತು. ಸಂಬಳದ ಪಟ್ಟಿಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ‘ಬೆಳಗಿನ ವರದಿ’ ಇದೆ. ಪ್ರತಿ ಕಂಪನಿಯ ಗುಮಾಸ್ತ ದಿನಾ ಬರೆಯುತ್ತಿದ್ದ ಲೆಕ್ಕ ಅದು. ಯಾರು ಹೊಸದಾಗಿ ಬಂದರು, ಯಾರು ಆಸ್ಪತ್ರೆಗೆ ಹೋದರು, ಯಾರು ಗಾಯಗೊಂಡರು, ಯಾರು ಸತ್ತರು, ಅಷ್ಟೇ.

ಆ ವರದಿಗಳ ಮೈಕ್ರೋಫಿಲ್ಮ್ ರೀಲುಗಳನ್ನು ಒಂದೊಂದಾಗಿ ನೋಡಲು ಈಗ ಅರ್ಜಿದಾರರು ತಾವೇ ದುಡ್ಡು ಕೊಟ್ಟು ಸಂಶೋಧಕರನ್ನು ಹಿಡಿಯುವುದುಂಟು. ಅದು ಮಂಡಳಿಯ ಸಿಬ್ಬಂದಿಯ ಕೆಲಸವಾಗಬೇಕು. ಅರ್ಜಿ ಬಂದ ಕೂಡಲೇ ಅವನ ಕಂಪನಿ ಯಾವುದು, ತಿಂಗಳು ಯಾವುದು ಅಂತ ಕೇಳಿ, ಅವರೇ ರೀಲು ಹಾಕಿ ಕೂರಬೇಕು. ನವೆಂಬರ್ ತಿಂಗಳ ಒಂದು ಸಾಲಿನಲ್ಲಿ ಅವನ ಹೆಸರು, ಸೇವಾ ಸಂಖ್ಯೆ, ‘ಗಾಯಗೊಂಡು ಆಸ್ಪತ್ರೆಗೆ’ ಅಂತ ಸಿಕ್ಕಿದರೆ ಅವತ್ತೇ ಪದಕ ಕೊಟ್ಟು ಕಳಿಸಲಿ. ಎಪ್ಪತ್ತು ವರ್ಷ ತಡವಾಗಿದ್ದರೂ ಸರಿ.